ನಮ್ಮನೆಯವರ ಮಾಸ್ಕ್ ಕಾರ್ಖಾನೆ

ತಾಕೆಹಾರಾ
೨ ಜೂನ್ ೨೦೨೦

ಪ್ರೀತಿಯ ನೊಬುಯೊ ಅಕ್ಕನಿಗೆ,

ನಿನ್ನ ತಂಗಿ ಮಿತ್ಸುಯೊ ಮಾಡುವ ನಮಸ್ಕಾರಗಳು. ಪತ್ರವನ್ನು ಹೂವು, ಗಾಳಿ, ಹವೆಯ ಮಾತಿನಿಂದಲೇ ಶುರುಮಾಡಬೇಕೆಂದು ಅಮ್ಮ ನಮಗೆ ಕಲಿಸಿದ್ದಳು. ಇವತ್ತು ಅಷ್ಟು ತಾಳ್ಮೆ ನನಗಿಲ್ಲ. ಅಂಗಳದಲ್ಲಿ ನೀಲಿ ಹೂವು ಬಿಟ್ಟಿವೆ, ಆಗಾಗ ಮಳೆ ಹನಿಯುತ್ತದೆ, ಅಷ್ಟು ಸಾಕು.

ಹಮಾದಾದಿಂದ ನೀನು ಕಳಿಸಿದ ಒಣಮೀನು ಏಪ್ರಿಲ್‌ನಲ್ಲೇ ತಲುಪಿತು. ತಿಂದು ಮುಗಿಸಿ ತಿಂಗಳಾದ ಮೇಲೆ ತಲುಪಿತು ಅಂತ ಬರೆಯುತ್ತಿದ್ದೇನೆ. ಬೈದುಕೋ. ಆದರೆ ಅರ್ಧ ತಪ್ಪು ನಮ್ಮನೆಯವರದು. ಊಟದ ಮೇಜಿನ ಮೇಲೆ ಒಂದು ಹಾಳೆ ಇಡುವಷ್ಟು ಜಾಗ ಬಿಟ್ಟಿಲ್ಲ. "ಔಷಧಿ ಅಂಗಡಿ ಮುಂದೆ ಬೆಳಿಗ್ಗೆಯಿಂದ ಸಾಲು ನಿಂತರೂ ಮಾಸ್ಕ್ ಇಲ್ಲ, ನಿಮ್ಮ ಕಡೆ ಸಿಗುತ್ತಾ?" ಎಂದು ಕೇಳಿದ್ದೆಯಲ್ಲ. ಸಿಗುತ್ತಾ ಅಂತೀಯಾ! ನಮ್ಮ ಮನೆಯೇ ಈಗ ಮಾಸ್ಕ್ ಕಾರ್ಖಾನೆ.

ಇವರು ನಲವತ್ತು ವರ್ಷ ನಗರಸಭೆಯಲ್ಲಿ ಜಮೀನು ಅಳೆದವರು. ಅಂಗಿಯ ಗುಂಡಿ ಕಿತ್ತುಹೋದರೆ ಅದನ್ನು ನನ್ನ ತಟ್ಟೆಯ ಪಕ್ಕ ಇಟ್ಟು ಸುಮ್ಮನೆ ಕೂರುತ್ತಿದ್ದವರು. ಟಿ.ವಿ.ಯಲ್ಲಿ ಯಾರೋ ಮಾಸ್ಕ್ ಹೊಲಿಯುವುದನ್ನು ನೋಡಿದ್ದೇ ತಡ, ಹಾಲಿನ ರಟ್ಟಿನ ಡಬ್ಬಿ ಕತ್ತರಿಸಿ ಅಚ್ಚು ಮಾಡಿಕೊಂಡು, ಸ್ಕೇಲು ಪೆನ್ಸಿಲು ಹಿಡಿದು ಕೂತುಬಿಟ್ಟರು. ಒಂದೊಂದು ನೆರಿಗೆಯನ್ನೂ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಅಷ್ಟು ಅಳೆದೂ ಮೊದಲ ಹತ್ತರಲ್ಲಿ ನೆರಿಗೆ ಮೇಲ್ಮುಖ. "ಹೀಗಾದ್ರೆ ಧೂಳೆಲ್ಲಾ ಅದರಲ್ಲೇ ಕೂರುತ್ತೆ, ಕೆಳಗೆ ಮಾಡಿ" ಎಂದೆ. "ನೀರು ಕೆಳಗೆ ಹರಿಯುತ್ತೆ, ಉಸಿರು ಮೇಲೆ ಹೋಗುತ್ತೆ, ನಿಂಗೆ ಗೊತ್ತಾಗಲ್ಲ" ಎಂದು ನನಗೇ ಪಾಠ ಹೇಳಿದರು. ಮೂರು ದಿನ ಬಿಟ್ಟು ಸದ್ದಿಲ್ಲದೆ ಹತ್ತನ್ನೂ ಬಿಚ್ಚಿ ಕೆಳಮುಖ ಮಾಡಿದರು. ನಾನು ಹೇಳಿದ್ದೆ ಅಂತ ಬಾಯಿ ಬಿಡಬೇಕಲ್ಲ!

ದಿನಕ್ಕೆ ಇಪ್ಪತ್ತು ಸಲ "ಸೂಜಿಗೆ ದಾರ ಹಾಕ್ಕೊಡೇ" ಎಂಬ ಕೂಗು. ಎಲಾಸ್ಟಿಕ್ ಎಲ್ಲೂ ಸಿಗದೆ, ನನ್ನ ಕರಿ ಕಾಲುಚೀಲ, ಸಾವಿನ ಮನೆಗೆಂದು ಇಟ್ಟಿದ್ದ ಒಂದೇ ಒಂದು ಒಳ್ಳೆಯ ಜೋಡಿ, ಅದನ್ನೂ ಬಳೆ ಬಳೆಯಾಗಿ ಕತ್ತರಿಸಿ ಕಿವಿಗೆ ಸಿಕ್ಕಿಸುವ ಪಟ್ಟಿ ಮಾಡಿದರು. "ಇನ್ನು ಯಾರಾದ್ರೂ ಸತ್ರೆ ನಾನು ಬರಿಗಾಲಲ್ಲಿ ಹೋಗ್ಲಾ?" ಎಂದರೆ, "ಈಗ ಯಾರೂ ಯಾರ ಸಾವಿಗೂ ಹೋಗೋ ಹಾಗಿಲ್ಲ ಬಿಡು" ಅಂತಾರೆ. ಸರ್ಕಾರ ಅಂಚೆಯಲ್ಲಿ ಕಳಿಸಿದ ಎರಡು ಮಾಸ್ಕೂ ಬಂತು. ಹಾಕಿಕೊಂಡರೆ ಇವರ ಗದ್ದ ಹೊರಗೇ ಉಳಿಯಿತು. ಹೇಗೆ ಹೊಲಿದಿದ್ದಾರೆ ನೋಡೋಣ ಎಂದು ಅದನ್ನೂ ಬಿಚ್ಚಿ ಹಾಕಿದರು.

ಹೋಗಲಿ, ಇಷ್ಟನ್ನೂ ನಕ್ಕು ಸಹಿಸಿಕೊಳ್ಳಬಹುದಿತ್ತು. ನಾನು ಒಳಗೊಳಗೇ ಕುದಿಯುತ್ತಿರುವುದು ಬೇರೆಯದಕ್ಕೆ. ಏಪ್ರಿಲ್ ಕೊನೆಯಲ್ಲಿ ನಾನು ತರಕಾರಿ ತರಲು ಹೋಗಿದ್ದಾಗ ಇವರು ನನ್ನ ಬೀರುವಿನ ಕೆಳಗಿನ ಖಾನೆ ಎಳೆದು, ಆ ಬಿಳಿ ಹತ್ತಿ ಬಟ್ಟೆಯನ್ನು ಹೊರತೆಗೆದು ಕತ್ತರಿಸಿದ್ದರು. ಯಾವುದೆಂದು ನಿನಗೆ ಹೇಳಬೇಕಾಗಿಲ್ಲ, ತವರಿನಿಂದ ತಂದವಳು ನೀನೇ. ಮೂವತ್ತೈದು ವರ್ಷ ಕಾಗದದಲ್ಲಿ ಸುತ್ತಿ ಇಟ್ಟಿದ್ದೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿ ಇಡುತ್ತಿದ್ದೆ. ಬಂದು ನೋಡಿದರೆ ಮೇಜಿನ ತುಂಬ ಚೌಕ ಚೌಕ ತುಂಡು.

"ಇದನ್ನ ಯಾಕ್ರೀ ಮುಟ್ಟಿದ್ರಿ?"

"ಅಂಗಡೀಲಿ ಬಿಳಿ ಬಟ್ಟೆ ಮುಗಿದಿದೆ. ಇದು ಒಗೆದು ಪಳಗಿದ್ದು, ಮುಖಕ್ಕೆ ಮೆತ್ತಗಿರುತ್ತೆ."

"ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಕೊಡ್ತಿದ್ಯಾ? ಕತ್ತಲೇಲಿ ಮಲಗ್ಸಿಟ್ಟು ಏನ್ ಬಂತು. ಯಾರನ್ನಾದ್ರೂ ಕಾಯ್ಲಿ ಬಿಡು."

ಇಷ್ಟು ಹೇಳಿ ಮತ್ತೆ ಸ್ಕೇಲು ತೆಗೆದುಕೊಂಡರು. ಬಟ್ಟೆ ಹೋದದ್ದಕ್ಕಿಂತ, ಅದು ಏನೆಂಬುದೇ ಇವರಿಗೆ ಮರೆತುಹೋಗಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಒಬ್ಬ ಮನುಷ್ಯ ಇಂಥದ್ದನ್ನೂ ಮರೆಯಬಹುದೇ? ಅವತ್ತಿನಿಂದ ಸೂಜಿಗೆ ದಾರ ಹಾಕಿಕೊಡುವುದನ್ನು ನಿಲ್ಲಿಸಿಬಿಟ್ಟೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ತಾವೇ ಒದ್ದಾಡುತ್ತಾರೆ. ಒದ್ದಾಡಲಿ.

ಆ ಬಟ್ಟೆಯಿಂದಾದ ಮಾಸ್ಕುಗಳು ಬೀದಿಯೆಲ್ಲ ಹಂಚಿಹೋಗಿವೆ. ಪಕ್ಕದ ಮನೆಯ ಮೊರಿವಾಕಿಯಮ್ಮ ಕಸ ಹಾಕುವ ಜಾಗದಲ್ಲಿ ಸಿಕ್ಕಿ, "ನಿಮ್ಮ ಯಜಮಾನ್ರ ಕೈಗೆ ಏನ್ ಕೊಟ್ರೂ ಸಾಲ್ದು ಮಿತ್ಸುಯೊ ಅವ್ರೇ! ಎಷ್ಟು ಮೆತ್ತಗಿದೆ ನೋಡಿ. ಯಾವ ಬಟ್ಟೆ ಇದು?" ಎಂದು ಕೆನ್ನೆ ಸವರಿಕೊಂಡರು. "ಯಾವುದೋ ಹಳೇದು" ಎಂದು ಹೇಳಿ ಮನೆಗೆ ಬಂದು ಪಾತ್ರೆಗಳನ್ನೆಲ್ಲ ಕುಕ್ಕಿ ಕುಕ್ಕಿ ತೊಳೆದೆ.

ಇನ್ನೊಂದು ವಿಚಿತ್ರ ಕೇಳು. ಮದುವೆಯಾದಾಗಿನಿಂದ ಕುಡಿದ ಲೋಟವನ್ನೂ ತೊಳೆಯದ ಈ ಮಹಾನುಭಾವರು ತಮ್ಮ ಮಾಸ್ಕನ್ನು ಮಾತ್ರ ತಾವೇ ಒಗೆಯುತ್ತಾರೆ. ತಂತಿಯ ಕೊನೆಯಲ್ಲಿ ತಾವೇ ಒಣಹಾಕುತ್ತಾರೆ. ನಾನು ಕೈ ಚಾಚಿದರೆ, "ಬೇಡ, ನಿಂಗೆ ಉಜ್ಜೋಕೆ ಬರಲ್ಲ" ಅಂತಾರೆ. ಈ ಮಾತು ಯಾರಿಗೆ ಹೇಳುವುದು, ಮೂರು ಹೊತ್ತೂ ಒಗೆದವಳಿಗೆ!

ನಿನ್ನ ಮಂಡಿ ಹೇಗಿದೆ? ಮೀನಿನ ಸಂತೆಗೆ ನೀನೇ ಹೋಗಬೇಡ, ಮಗನನ್ನು ಕಳಿಸು. ಈ ಕಾಟ ಮುಗಿದು ರೈಲಿನಲ್ಲಿ ಓಡಾಡುವಂತಾದಾಗ ಮೊದಲು ನಿನ್ನ ಹತ್ತಿರ ಬರುತ್ತೇನೆ, ಒಬ್ಬಳೇ. ದೇವರು ನಿನ್ನನ್ನೂ ಮಕ್ಕಳು ಮೊಮ್ಮಕ್ಕಳನ್ನೂ ಚೆನ್ನಾಗಿಟ್ಟಿರಲಿ. ಜೊತೆಗೆ ಎರಡು ಮಾಸ್ಕ್ ಇಟ್ಟಿದ್ದೇನೆ.

ನಿನ್ನ
ಮಿತ್ಸುಯೊ

ಮರೆತ ಮಾತು: ಮರೆತದ್ದೇನಲ್ಲ ಅಕ್ಕ, ಮೇಲೆ ಬರೆಯಲಾಗಲಿಲ್ಲ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ.

ಮೊನ್ನೆ ಭಾನುವಾರ ಇವರು ಬೀದಿಯವರ ಜೊತೆ ಚರಂಡಿ ಚೊಕ್ಕಟ ಮಾಡಲು ಹೋಗಿದ್ದಾಗ ಮಳೆ ಬಂತು. ಓಡಿಹೋಗಿ ತಂತಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿ ತಂದೆ. ಇವರ ಮಾಸ್ಕೂ ಕೈಗೆ ಬಂತು. ತಿರುಗಿಸಿ ನೋಡಿದರೆ ಒಳಮೈಯಲ್ಲಿ, ಸರಿಯಾಗಿ ಬಾಯಿ ತಾಗುವ ಕಡೆ, ನಮ್ಮೂರ ಗುಡಿಯ ಕೆಂಪು ಮುದ್ರೆ. ಬಸುರಿಯ ಐದನೆಯ ತಿಂಗಳಲ್ಲಿ, ನಾಯಿಯ ಹಾಗೆ ಹೆರಿಗೆ ಹಗುರಾಗಲೆಂದು ಪಂಚಾಂಗದ ನಾಯಿ ದಿನ ನೋಡಿ ನೀನು ನನ್ನ ಹೊಟ್ಟೆಗೆ ಆ ಬಟ್ಟೆ ಸುತ್ತಿದೆಯಲ್ಲ, ಮಗುವನ್ನು ಕಾಯಲಿ ಎಂದು, ಆಗ ಇವರು ಹಿಡಿದು ನಿಂತಿದ್ದ ತುದಿ ಅದು. ಮೂರು ತಿಂಗಳು ಕಟ್ಟಿಕೊಂಡಿದ್ದೆ. ಆಮೇಲೆ ಅಳದೆಯೇ ಹುಟ್ಟಿದ ಆ ಮಗುವಿನ ಮಾತನ್ನು ಈ ಮನೆಯಲ್ಲಿ ಇಬ್ಬರೂ ಒಮ್ಮೆಯೂ ಎತ್ತಲಿಲ್ಲ. ಮತ್ತೆ ಮಕ್ಕಳೂ ಆಗಲಿಲ್ಲ.

ಮುದ್ರೆಯ ಸುತ್ತ ನಾಲ್ಕೂ ಕಡೆ ಒಂದೇ ಅಳತೆ ಬಿಟ್ಟು ಹೊಲಿದಿದ್ದಾರೆ. ಕತ್ತರಿ ಅದಕ್ಕೆ ಎಲ್ಲೂ ತಾಗಿಲ್ಲ.

ಒದ್ದೆಯಾಗಿ ಬಂದು ಮೊದಲು ತಂತಿ ನೋಡಿದರು, ಆಮೇಲೆ ನನ್ನನ್ನು. "ಒಳಗೆ ತಂದ್ಯಾ?" ಎಂದರು. "ತಂದೆ" ಎಂದೆ. ಅಷ್ಟೇ ಆದದ್ದು. ಮೂವತ್ತೈದು ವರ್ಷ ಅಕ್ಕ, ನಾನೊಬ್ಬಳೇ ಆ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ನಿನಗೆ ಕಳಿಸಿದ ಎರಡರಲ್ಲಿ ಬಿಳಿಯದು ಆ ಬಟ್ಟೆಯದೇ. ಹಾಕಿಕೋ. ಉಳಿದಿದ್ದ ತುಂಡಿನಲ್ಲಿ ನಿನ್ನೆ ಅದನ್ನು ಹೊಲಿಯುವಾಗ ಸೂಜಿಗೆ ದಾರ ನಾನು ಹಾಕಿಕೊಟ್ಟೆ.