ಮೂರು ದಿನ ಬಚ್ಚಿಟ್ಟ ಪತ್ರ

ನಿಹಾರಿಕಾ,

ಈ ಚೀಟಿಯ ಕೆಳಗಿರುವ ಪತ್ರ ನಿನ್ನದು. ಅದು ಬಂದದ್ದು ಸೋಮವಾರ. ಮೂರು ದಿನ ನಾನೇ ಬ್ಯಾಂಕಿನ ಕೆಲಸಕ್ಕೆ ಒಯ್ಯುವ ನನ್ನ ಚೀಲದಲ್ಲಿ ಬಚ್ಚಿಟ್ಟಿದ್ದೆ.

ಅಂತರರಾಷ್ಟ್ರೀಯ ಪ್ರವಾಸೋದ್ಯಮ ಮತ್ತು ಆತಿಥ್ಯ ನಿರ್ವಹಣೆ ಕೋರ್ಸಿನ ಸಂದರ್ಶನಕ್ಕೆ ವಿಶ್ವವಿದ್ಯಾಲಯದವರು ನಿನ್ನನ್ನು ಕರೆದಿದ್ದಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ, ತಿರುವನಂತಪುರದಲ್ಲಿ. ಇವತ್ತು ಮಧ್ಯಾಹ್ನದ ರೈಲಿಗೇ ಹೊರಡು. ಬೋಟಿಗೆ ಕಾಯಬೇಡ, ಎರ್ನಾಕುಲಂ ಸ್ಟೇಷನ್ನಿಗೆ ಆಟೋ ಹಿಡಿ. ಅಲ್ಲಿನ ಸ್ಟೇಷನ್ನಿಗೆ ರತ್ನ ಚಿಕ್ಕಮ್ಮ ತುಂಬದ ತಮ್ಮ ಮನೆಯಿಂದ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತಾರೆ, ಫೋನ್ ಮಾಡಿದ್ದೇನೆ. ನೀಲಿ ಸೀರೆ ಇಸ್ತ್ರಿ ಮಾಡಿಟ್ಟಿದ್ದೇನೆ. ಅಂಕಪಟ್ಟಿಗಳನ್ನು ಮರೆಯಬೇಡ.

ಆರು ವರ್ಷದ ಹಿಂದೆ ಇದೇ ಕೋರ್ಸಿಗೆ ನನಗೂ ಸೀಟು ಸಿಕ್ಕಿತ್ತು. "ಹೋಟೆಲಲ್ಲಿ ಬಂದವರಿಗೆಲ್ಲ ನಗಾಡಿಕೊಂಡು ನಿಲ್ಲುವ ಕೆಲಸ ನಮ್ಮ ಹುಡುಗಿಯರಿಗೆ ಬೇಡ" ಅಂದಿದ್ದರು ಅಪ್ಪ. ಅದೇ ಅಪ್ಪ ನಿನ್ನ ಅರ್ಜಿಯನ್ನು ತಾವೇ ಅಂಚೆಗೆ ಹಾಕಿ ಬಂದ ದಿನ ನನ್ನ ಹೊಟ್ಟೆ ಉರಿದುಹೋಯಿತು. ಇನ್ನೂ ಉರಿಯುತ್ತಿದೆ. ಪತ್ರ ಬಚ್ಚಿಟ್ಟದ್ದನ್ನು ಅಪ್ಪನಿಗೆ ಹೇಳುವುದಾದರೆ ಹೇಳು.

ಸಂಜೆ ನಾನು ಬರುವಷ್ಟರಲ್ಲಿ ನೀನು ಹೋಗಿರಬೇಕು. ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ.

ಈ ಕೋರ್ಸೇ ಯಾಕೆ ಎಂದು ಸಂದರ್ಶನದಲ್ಲಿ ಕೇಳೇ ಕೇಳುತ್ತಾರೆ. ಅವತ್ತು ನಾನು ಹೇಳಿದ ಉತ್ತರ ಒಂದಕ್ಷರ ಬಿಡದೆ ನೆನಪಿದೆ. ಅದನ್ನು ಮಾತ್ರ ನಿನಗೆ ಹೇಳಿಕೊಡಲಾರೆ. ನಿನ್ನದನ್ನು ನೀನೇ ಹುಡುಕಿಕೋ.

ಕೃಪಕ್ಕ