ಐದು ವಿಳಾಸ, ಒಂದೇ ಹಸಿರು ಗೇಟು

ಸಾನ್ ಹೊಸೆ, ಮಾರ್ಚ್ ೧೪, ಗುರುವಾರ

ಅನುಮಾನದ ಹಣ ವರ್ಗಾವಣೆ ಕಂಡರೆ ವರದಿ ಮಾಡುವುದು ನನ್ನ ಕೆಲಸ.

ನಮ್ಮ ಆನ್‌ಲೈನ್ ಪೋಕರ್ ಕಂಪನಿಯ ನಾಲ್ವರು ಆಟಗಾರರು ವಾರವಾರವೂ ಐದನೆಯವನೊಬ್ಬನಿಗೆ ಹಣ ಕಳಿಸುತ್ತಿದ್ದಾರೆ. ಬೆಳಿಗ್ಗೆ ಅದನ್ನು ಮೇಲಧಿಕಾರಿ ದೋನ್ ಎವೆಲಿಯೊ ಅವರಿಗೆ ತೋರಿಸಿದೆ.

"ಪೋಕರ್ ಆಡೋರು ಒಬ್ಬರಿಗೊಬ್ಬರು ಕೈಸಾಲ ಕೊಡ್ತಾನೇ ಇರ್ತಾರಮ್ಮ ಯೊರ್ಲೆನಿ. ಎಲ್ಲಾ ವರದಿ ಮಾಡ್ತಾ ಕೂತರೆ ಕೊನೆಗೆ ಆಡೋಕೆ ನೀನು, ನಾನು ಇಬ್ಬರೇ ಉಳೀತೀವಿ," ಎಂದು ನಕ್ಕರು. ನಾನೂ ನಕ್ಕೆ.

ವಿಳಾಸಗಳು ಬೇರೆ ಬೇರೆ ಎಂದು ಕಂಪ್ಯೂಟರೂ ಸುಮ್ಮನಿತ್ತು. ನಮ್ಮೂರಲ್ಲಿ ಮನೆ ನಂಬರು ಯಾರೂ ಹೇಳುವುದಿಲ್ಲವೆಂದು ಅದಕ್ಕೇನು ಗೊತ್ತು? ಒಬ್ಬ ಚರ್ಚಿನಿಂದ ಇನ್ನೂರು ಮೀಟರು ದಕ್ಷಿಣಕ್ಕೆ ಎಂದಿದ್ದಾನೆ, ಇನ್ನೊಬ್ಬ ಔಷಧಿ ಅಂಗಡಿಯಿಂದ ನೂರು ಮೀಟರು ಉತ್ತರಕ್ಕೆ. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿ, ಒಂದೊಂದೇ ವಿಳಾಸ ಹಿಡಿದು ಮನಸ್ಸಿನಲ್ಲೇ ನಡೆದೆ. ನಾಲ್ಕೂ ದಾರಿ ಒಂದೇ ಮನೆಯ ಮುಂದೆ ಬಂದು ನಿಂತವು. ಐದನೆಯದೂ ಅಲ್ಲಿಗೇ, ಹಣ ಪಡೆಯುವವನದು: ಮುಂಚೆ ಬೇಕರಿ ಇದ್ದ ಜಾಗದಿಂದ ಎಪ್ಪತ್ತೈದು ಮೀಟರು ಪೂರ್ವಕ್ಕೆ, ಹಸಿರು ಗೇಟು.

ನನ್ನ ಸ್ಟಾಪು ದಾಟಿಹೋದದ್ದೂ ತಿಳಿಯಲಿಲ್ಲ. ಅಕ್ಷರಶಃ ಇದೇ ವಿಳಾಸವನ್ನು ಡಿಸೆಂಬರಿನಲ್ಲಿ ದೋನ್ ಎವೆಲಿಯೊ ಚೀಟಿಯಲ್ಲಿ ಬರೆದು ಆಫೀಸಿನವರಿಗೆಲ್ಲ ಕೊಟ್ಟಿದ್ದರು, ಕ್ರಿಸ್‌ಮಸ್ಸಿನ ಜೋಳದ ಕಡುಬು ತಮಾಲೆ ತಿನ್ನಲು ಮನೆಗೆ ಕರೆದಾಗ. ಬಾಳೆಎಲೆ ಬಿಚ್ಚಿ ಎರಡನೆಯದನ್ನು ಅವರೇ ನನ್ನ ತಟ್ಟೆಗಿಟ್ಟರು.

ಅನುಮಾನದ ವರದಿಗಳೆಲ್ಲ ಮೊದಲು ಹೋಗುವುದು ಅವರ ಮೇಜಿಗೇ. ಇದನ್ನು ನೇರ ಹೆಡ್ ಆಫೀಸಿಗೆ ಕಳಿಸುತ್ತೇನೆ, ಆಫೀಸಿನ ಎಲ್ಲರಿಗೂ ಒಂದೊಂದು ಪ್ರತಿ. ಯಾರ ಹೆಸರನ್ನೂ ಬರೆಯುವುದಿಲ್ಲ. ವಿಳಾಸ ಸಾಕು. ಆ ಗೇಟು ದಾಟಿ ಉಂಡು ಬಂದವರು ನಾವು ಹನ್ನೊಂದು ಜನ.