ಬ್ರೇಡನ್ ಗಲ್ಲಿ ಇದೇ ಏನ್ರಿ?

ಅಕ್ಕಲಕೋಟ,
ರವಿವಾರ, ೧೬ ಅಕ್ಟೋಬರ್ ೧೯೭೭

ಪ್ರೀತಿಯ ದಾಮು ಅಣ್ಣಾ,

ನಿನ್ನ ಪಾದಕ್ಕೆ ತಲೆಯಿಟ್ಟ ತಮ್ಮ ನಾಗೇಶನ ಮೊದಲ ಪ್ರಶ್ನೆ: ಮೈಯಲ್ಲಿ ಹೇಗಿದೆ? ನೆಗಡಿಯಾದರೆ ಈಗಲೂ ಎಡಗಿವಿ ಮುಚ್ಚಿಕೊಳ್ಳುತ್ತದೆಯೇ? ಯಾರ ಜೊತೆ ಮಾತಾಡುವಾಗಲೂ ಒಂಟಿಗಾಲಲ್ಲಿ ನಿಂತು, ಇನ್ನೊಂದು ಪಾದದಿಂದ ಮೀನಖಂಡ ತಿಕ್ಕಿಕೊಳ್ಳುವ ಆ ಚಟ ಬಿಟ್ಟಿತೇ? "ನಮ್ಮ ಮನ್ಯಾಗೊಂದು ಕೊಕ್ಕರಿ ಸಾಕೀವಿ" ಎಂದು ಅಪ್ಪ ಬಂದವರಿಗೆಲ್ಲ ನಿನ್ನನ್ನು ತೋರಿಸುತ್ತಿದ್ದರು. ಮೂವತ್ತು ವರ್ಷ ಒಂದು ಸಾಲೂ ಬರೆಯದವನ ಆರೋಗ್ಯ ವಿಚಾರಿಸುವುದು ನಗೆಯ ಮಾತೇ ಸರಿ. ಆದರೆ ಪತ್ರವೆಂದ ಮೇಲೆ ರೀತಿ ಬಿಡಬಾರದು. ಇಲ್ಲಿ ಎಲ್ಲರೂ ಕ್ಷೇಮ. ಅವ್ವನಿಗೆ ಎಂಬತ್ತೊಂದು. ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಕಣ್ಣಿನದನ್ನು ನೀನು ಬಂದ ಮೇಲೆ ತೆಗೆಸುತ್ತಾಳಂತೆ. ಕಿವಿ ಮಾತ್ರ ಮೊದಲಿಗಿಂತ ಚುರುಕು, ಟಪಾಲಿನವನ ಸೈಕಲ್ಲಿನ ಗಂಟೆ ಎರಡು ಗಲ್ಲಿಯಾಚೆ ಇರುವಾಗಲೇ ಅವಳಿಗೆ ಕೇಳುತ್ತದೆ. ನನಗೆ ರಕ್ತದೊತ್ತಡ. ಡಾಕ್ಟರು ಉಪ್ಪು ಬಿಡಿಸಿದರು, ನೀನಿನ್ನೂ ನೋಡದ ನನ್ನ ಹೆಂಡತಿ ಜಾನಕೀಬಾಯಿ ವಾದ ಬಿಡಿಸಿದಳು. ನೀನು ಹೋದಾಗ ಹನ್ನೊಂದು ವರ್ಷದವನಾಗಿದ್ದ ನಾನು ಈಗ ಸೊಲ್ಲಾಪುರದ ನಗರಪಾಲಿಕೆಯ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ನಂಬದಿದ್ದರೆ ನನ್ನ ಬೆನ್ನು ನೋಡು, ಅದು ಕುರ್ಚಿಯ ಆಕಾರಕ್ಕೆ ಬಂದಿದೆ.

ಅಕ್ಕಲಕೋಟದಿಂದ ಬರೆಯುತ್ತಿರುವುದು ಕಂಡು ಹುಬ್ಬೇರಿಸಬೇಡ. ಮೂರು ದಿನದ ರಜೆ ಹಾಕಿ ಅವ್ವನ ತಂಗಿ ವೇಣೂ ಮಾವಶಿಯ ಮನೆಯಲ್ಲಿ ಕೂತಿದ್ದೇನೆ. ಮಾವಶಿಯ ಕ್ಷೇಮ ನೋಡಲು ಬಂದೆನೆಂದು ಅವ್ವನಿಗೆ ಹೇಳಿದ್ದೇನೆ, ಅವ್ವನ ಕ್ಷೇಮ ಹೇಳಲು ಬಂದೆನೆಂದು ಮಾವಶಿಗೆ. ನಿಜವಾದ ಕಾರಣವನ್ನು ಕೊನೆಗೆ ಬರೆಯುತ್ತೇನೆ, ಅಷ್ಟರಲ್ಲಿ ಧೈರ್ಯ ಬಂದರೆ. ನಲವತ್ತೆರಡರಲ್ಲಿ ಮಾವಶಿ ನಿನ್ನನ್ನು ಹದಿನೇಳು ದಿನ ಬಚ್ಚಿಟ್ಟಿದ್ದ ಜೋಳದ ಕಣಜ ಇನ್ನೂ ಹಾಗೇ ಇದೆ. ಅದಕ್ಕೆ ಬೆನ್ನು ಹಚ್ಚಿಯೇ ಇದನ್ನು ಬರೆಯುತ್ತಿದ್ದೇನೆ. ನಡುನಡುವೆ ಹಿಂದಿನಿಂದ ಯಾರೋ ಉಸಿರಾಡಿದಂತಾಗುತ್ತದೆ. ತಿರುಗಿ ನೋಡುವುದಿಲ್ಲ. ಇಲಿಯೇ ಇರಬೇಕು, ಆದರೆ ಇಲಿಯೇ ಎಂದು ಖಾತ್ರಿ ಮಾಡಿಕೊಂಡು ನನಗೆ ಆಗಬೇಕಾದದ್ದೇನು?

ಈಗ ವಿಳಾಸದ ತಾಪತ್ರಯ ಕೇಳು. ನಿನ್ನ ಎರಡೂ ಕಾರ್ಡು ಬಂದದ್ದು ಲಾಯಲ್‌ಪುರದಿಂದ. ಹಾಗಾಗಿ ಪ್ರತಿ ವರ್ಷ ದಸರೆಯ ಮುಂದೆ ಅವ್ವ ಹೇಳಿದಂತೆ ಬರೆದು ಅಲ್ಲಿಗೇ ಹಾಕುತ್ತ ಬಂದೆ. ಕೆಲವು ತಿರುಗಿ ಬಂದವು, ಕೆಲವು ಬರಲಿಲ್ಲ, ಯುದ್ಧದ ವರ್ಷಗಳಲ್ಲಿ ಟಪಾಲೇ ಇರಲಿಲ್ಲ. ತಿರುಗಿ ಬಾರದವು ನಿನಗೆ ಮುಟ್ಟಿವೆ ಎಂಬುದು ಅವ್ವನ ಲೆಕ್ಕ. ಹೋದ ತಿಂಗಳು ಪತ್ರಿಕೆಯ ಮೂಲೆಯಲ್ಲಿ ನಾಲ್ಕೇ ಸಾಲು ಕಂಡೆ: ಪಾಕಿಸ್ತಾನದವರು ಲಾಯಲ್‌ಪುರದ ಹೆಸರು ತೆಗೆದು ಫೈಸಲಾಬಾದ್ ಎಂದು ಇಟ್ಟಿದ್ದಾರೆ. ಲಾಯಲ್ ಎಂಬವನೂ ಒಬ್ಬ ಇಂಗ್ಲಿಷ್ ಸಾಹೇಬನೇ ಅಂತೆ. ಅವರು ಮಾಡಿದ್ದು ನ್ಯಾಯವೇ. ನಾವೂ ಅದನ್ನೇ ಮಾಡಿ ಕೂತಿದ್ದೇವೆ. ಇತ್ತ ಕಡೆ ಒಬ್ಬ ಸತ್ತ ಸಾಹೇಬ, ಅತ್ತ ಕಡೆ ಒಬ್ಬ ಸತ್ತ ಸಾಹೇಬ, ನಮ್ಮಿಬ್ಬರ ನಡುವೆ ಟಪಾಲು ಹೊರುತ್ತಿದ್ದವರು ಇವರಿಬ್ಬರೇ. ಒಂದೇ ವರ್ಷದಲ್ಲಿ ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಿದ್ದಾರೆ.

ಹೌದು, ನಮ್ಮ ಬ್ರೇಡನ್ ಗಲ್ಲಿಯ ಹೆಸರೂ ಹೋಯಿತು. ನಿನಗೆ ಗೊತ್ತಿರುವ ಕಥೆಯನ್ನೇ ಮತ್ತೆ ಹೇಳುತ್ತೇನೆ, ಮರೆತಿದ್ದರೆ ಎಂಬ ಹೆದರಿಕೆಗೆ. ಬ್ರೇಡನ್ ಯಾರೆಂದು ಗಲ್ಲಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಪ್ಲೇಗಿನ ಕಾಲದಲ್ಲಿ ಇಲಿ ಹಿಡಿಸಿದವನೆಂದು ಕೆಲವರು, ಕುದುರೆಯ ಮೇಲಿಂದ ಇಲ್ಲೇ ಬಿದ್ದವನೆಂದು ಕೆಲವರು. ಅವನ ಹೆಸರಿನ ಬೀಡುಕಬ್ಬಿಣದ ಫಲಕ ಇದ್ದದ್ದು ಮಾತ್ರ ನಮ್ಮ ಮನೆಯ ಗೋಡೆಯ ಮೇಲೆ. ಆಗಸ್ಟ್ ಚಳವಳಿಯಲ್ಲಿ ಹತ್ತೊಂಬತ್ತು ವರ್ಷದ ನೀನು ಅದನ್ನು ಹಾರೆಯಿಂದ ಕಿತ್ತು ಬಾವಿಗೆ ಎಸೆದೆ. ಪೊಲೀಸರು ಬರುವಷ್ಟರಲ್ಲಿ ಕುಂಭಾರಿಯ ದಾರಿ ಹಿಡಿದು ಅಕ್ಕಲಕೋಟಕ್ಕೆ ನಡೆದೆ, ಅಲ್ಲಿ ರಾಜರ ಆಳ್ವಿಕೆ, ಇಂಗ್ಲಿಷರ ಪೊಲೀಸರು ಬರಲಾರರು ಎಂಬ ಭರವಸೆಗೆ. ಆಮೇಲೆ ಆದದ್ದನ್ನು ನೀನು ನೋಡಲಿಲ್ಲ. ಆ ಫಲಕವನ್ನು ಬಾವಿಯಿಂದ ತೆಗೆಸಿ, ಇಡೀ ಗಲ್ಲಿಯನ್ನು ನಿಲ್ಲಿಸಿ, ಅಪ್ಪನ ಕೈಯಿಂದಲೇ ಮೊಳೆ ಹೊಡೆಸಿದರು. ಅಂದಿನಿಂದ ಅಪ್ಪ ಮುಂಬಾಗಿಲು ಬಳಸಲಿಲ್ಲ. ಸಾಯುವವರೆಗೆ ಹದಿಮೂರು ವರ್ಷ ಹಿತ್ತಲಿನಿಂದ ಓಡಾಡಿದರು.

ನಲವತ್ತಾರರಲ್ಲಿ ನಿನ್ನ ಮೊದಲ ಕಾರ್ಡು ಬಂತು, ದೂರದ ಪಂಜಾಬಿನಲ್ಲಿ ಗಿರಣಿಯ ಕೆಲಸ ಸಿಕ್ಕಿದೆ ಎಂದು. ಮೇಲೆ ನಿನ್ನದೇ ಗುಂಡು ಅಕ್ಷರದಲ್ಲಿ 'ಬ್ರೇಡನ್ ಗಲ್ಲಿ, ಸೊಲ್ಲಾಪುರ'. ಬೇರೆ ಹೇಗೆ ಬರೆದರೆ ಮುಟ್ಟೀತು? ನಾಲ್ಕು ವರ್ಷದಲ್ಲಿ ಅಪ್ಪ ನಕ್ಕದ್ದು ಅವತ್ತೇ. "ಕಿತ್ತವನ ಕೈಲೇ ಬರಸ್ಕೊಂಡ ನೋಡ ಸಾಹೇಬ!" ಎಂದರು. ಅವ್ವ ಮಾತ್ರ ನಗಲಿಲ್ಲ, ಒದ್ದೆ ಬಟ್ಟೆ ತಂದು ಆ ಫಲಕವನ್ನು ಒರೆಸಿದಳು. ಎರಡನೆಯ ಕಾರ್ಡು ನಲವತ್ತೇಳರ ಜುಲೈನದು: "ದಸರಾಕ್ಕ ಬರ್ತೀನಿ." ಆ ಮೇಲೆ ದೇಶ ಎರಡಾಯಿತು, ದಸರೆ ಬಂತು, ನೀನು ಬರಲಿಲ್ಲ. ಅಂದಿನಿಂದ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಈಳಿಗೆಗೆ, ಒನಕೆಗೆ, ಬ್ರೇಡನ್ ಸಾಹೇಬನಿಗೆ ಹೀಗೆ ಅನುಕ್ರಮವಾಗಿ ಅರಿಷಿಣ ಕುಂಕುಮ. ಇಂಗ್ಲೆಂಡಿನ ರಾಣಿಯೂ ಅವನನ್ನು ಅಷ್ಟು ಗೌರವದಿಂದ ಕಂಡಿರಲಾರಳು. "ನನ್ನ ಮಗ ತನ್ನ ಕೈಲೆ ಬರದ ಹೆಸರದು, ಅದನ್ನ ನೋಡಿಕೋತನಽ ಬರತಾನ" ಎಂಬುದು ಅವಳ ವಿವರಣೆ.

ಹೆಸರು ತೆಗೆಯಬೇಕೆಂದು ಅರ್ಜಿ ಬರೆದವನು ನಾನೇ, ಅಣ್ಣಾ. ಕಡತ ಕಟ್ಟಿದವನೂ ನಾನೇ. ಅಪ್ಪನ ಹಿತ್ತಲಿನ ದಾರಿಯ ಅವಮಾನಕ್ಕೆ ನಾನು ಇನ್ನೇನು ತಾನೇ ಮಾಡಬಲ್ಲವನಾಗಿದ್ದೆ? ಗಲ್ಲಿಯ ಹಿರಿಯ ಮಲ್ಲಿಕಾರ್ಜುನಪ್ಪನವರ ಅಂಗಳದಲ್ಲಿ ಸಭೆ ಸೇರಿತು. ನಮ್ಮ ಗಲ್ಲಿ ಗೊತ್ತಲ್ಲ, ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಗೆ ಹೋಗುವಷ್ಟರಲ್ಲಿ ಆ ಕೆಮ್ಮು ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕನ್ನೂ ದಾಟಿರುತ್ತದೆ. ಬ್ರೇಡನ್ ಬೇಡವೆನ್ನುವುದಕ್ಕೆ ಎರಡು ನಿಮಿಷ ಸಾಕಾಯಿತು, ಇಡೀ ಗಲ್ಲಿ ಒಂದೇ ದನಿಯಲ್ಲಿ ಕೂಗಿತು. ಬ್ರೇಡನ್ ಬದಲು ಯಾರು ಎನ್ನುವುದಕ್ಕೆ ಏಳು ತಿಂಗಳು. ಮರಾಠಿಯವರು ತಮ್ಮ ಸಂತರನ್ನು ತಂದರು, ತೆಲುಗು ನೇಕಾರರು ತಮ್ಮ ಕುಲದ ಋಷಿಯನ್ನು, ಉರ್ದು ಸಾಲೆಯ ಮಾಸ್ತರರು ಒಬ್ಬ ಶಾಯರನನ್ನು. ನಮ್ಮ ಎದುರುಮನೆಯ ಕಲ್ಯಾಣಪ್ಪ ಎದ್ದು ನಿಂತು, "ನಮ್ಮ ಶರಣರ ಹೆಸರು ಇಡ್ರಿ, ಇಲ್ಲಂದ್ರ ಆ ಬ್ರೇಡನ್ನನ್ನಽ ಇರಗೊಡ್ರಿ. ಅಂವೇನ ನನ್ನ ಮಕ್ಕಳಿಗೆ ಮರಾಠಿ ಕಲಸಾಕ ಬಂದಿದ್ದಿಲ್ಲ!" ಎಂದ. ಆ ಸಂಜೆ ಎತ್ತಿದ ಕುರ್ಚಿಗಳು ಗಾಳಿಯಲ್ಲಿ ಕೆಲ ಹೊತ್ತು ನಿಂತಿದ್ದವು. ಕೊನೆಗೆ ಮಲ್ಲಿಕಾರ್ಜುನಪ್ಪ ಕೈಮುಗಿದು, "ಸಾಹೇಬ ನಮ್ಮನ್ನ ಒಡದು ಆಳಿದ ಅಂತೀರಿ. ಈಗ ಅಂವ ಇಲ್ಲದಽ ನಾವಽ ಒಡ್ಯಾಕತ್ತೀವಿ. ದೇಶ ಒಂದಾಗಿರಬೇಕಂದ್ರ ಒಂದು ಗಲ್ಲಿಯರೆ ಒಂದಾಗ್ರೋ ಮಾರಾಯರ್ಯಾ" ಎಂದರು. ನಾನು ಅದನ್ನು ನಗದೆ ಬರೆದುಕೊಂಡೆ. ಈಗಲೂ ಆ ಮಾತು ನನಗೆ ನಗೆಯದಲ್ಲ. ದೇಶ ಒಡೆದರೆ ಏನಾಗುತ್ತದೆಂದು ಆ ಅಂಗಳದಲ್ಲಿ ನನ್ನಷ್ಟು ಬಲ್ಲವರು ಯಾರಿದ್ದರು? ನಮ್ಮ ಮನೆಯಲ್ಲಿ ಅದು ಮೂವತ್ತು ವರ್ಷದಿಂದ ಊಟಕ್ಕೆ ಕೂತಿದೆ.

ಹೀಗೆ 'ಏಕತಾ ಮಾರ್ಗ' ಹುಟ್ಟಿತು. ಹುಟ್ಟಿದ ಮರುದಿನವೇ ಫಲಕದ ಮೇಲೆ ಯಾವ ಲಿಪಿ ಮೊದಲು ಎಂಬ ಜಗಳ ಹುಟ್ಟಿತು. ನಾಲ್ಕನ್ನೂ ಒಂದೇ ಅಳತೆಯಲ್ಲಿ ಬರೆಸುವುದೆಂದು ರಾಜಿಯಾಯಿತು. ಅದರಿಂದ ಅಕ್ಷರಗಳು ಎಷ್ಟು ಸಣ್ಣಗಾದವೆಂದರೆ ನಮ್ಮ ಏಕತೆಯನ್ನು ಓದಲು ಎಲ್ಲರೂ ಸಮಾನವಾಗಿ ಚಾಳೀಸು ಹಾಕಿಕೊಳ್ಳಬೇಕು. ಮೊನ್ನೆ ಗಾಂಧಿ ಜಯಂತಿಯ ದಿನ ಹೊಸ ಫಲಕ ಗಲ್ಲಿಯ ಬಾಯಿಗೆ ಕಂಬದ ಮೇಲೆ ಏರಿತು, ಹಳೆಯದು ನಮ್ಮ ಗೋಡೆಯಿಂದ ಇಳಿದು ಕಚೇರಿಯ ಉಗ್ರಾಣ ಸೇರಿತು. ಮೂಲೆಯ ಟಾಂಗಾದ ಪೀರಪ್ಪನನ್ನು, "ಏಕತಾ ಮಾರ್ಗಕ್ಕ ಬರ್ತೀಯೇನು?" ಎಂದು ಪರೀಕ್ಷೆ ಮಾಡಿದೆ. "ಬರ್ತೀನ್ರಿ, ಎಲ್ಲಿ ಬರ್ತದ್ರಿ ಅದು? ಬ್ರೇಡನ್ ಗಲ್ಲಿ ಬಾಜೂಕೇನು?" ಎಂದ. ಅವತ್ತೇ ನಾನೊಂದು ವ್ರತ ಹಿಡಿದೆ: ಹಳೆಯ ಹೆಸರು ಹೇಳಿದವರನ್ನೆಲ್ಲ ಅಲ್ಲಲ್ಲೇ ತಿದ್ದುವುದು. ಹೆಡ್ ಕ್ಲಾರ್ಕನ ವ್ರತಗಳು ಹೀಗೇ ಇರುತ್ತವೆ.

ಅವ್ವ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಫಲಕವಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ, ಚೌಕಾಗಿ ಉಳಿದಿದೆ, ಮೂವತ್ತೈದು ವರ್ಷದ ಬಿಸಿಲು ಕಾಣದ ಸುಣ್ಣ. ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಅಂಗೈ ಹಚ್ಚಿ ನಿಲ್ಲುತ್ತಾಳೆ, ಜ್ವರ ನೋಡುವವರ ಹಾಗೆ. ಟಪಾಲಿನವನ ಗಂಟೆಗೆ ಈಗ ತಲೆ ಎತ್ತುವುದಿಲ್ಲ.

ಹೋದ ಬುಧವಾರ ಮಹಾಲಯ ಅಮಾವಾಸ್ಯೆ. ನಿನ್ನ ಸುದ್ದಿ ನಿಂತು ಹನ್ನೆರಡು ವರ್ಷವಾದಾಗ ಭಟ್ಟರು, ದರ್ಭೆಯ ಗೊಂಬೆ ಮಾಡಿ ಸಂಸ್ಕಾರ ಮುಗಿಸಿಬಿಡಿ ಎಂದಿದ್ದರು. "ನನ್ನ ಮಗನ್ನ ಹುಲ್ಲಿನಾಗ ಕಟ್ಟತೀರೇನ್ರಿ? ಏಳ್ರಿ ಮ್ಯಾಲ!" ಎಂದು ಅವ್ವ ಅವರನ್ನು ಮಣೆಯಿಂದ ಎಬ್ಬಿಸಿದ್ದಳು. ಆದರೂ ಪ್ರತಿ ಮಹಾಲಯಕ್ಕೆ, ನಾನು ಎಳ್ಳು ನೀರು ಬಿಡುತ್ತ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮುಗಿಸಿ ಉಳಿದ ಬಂಧುಗಳಿಗೆ ಬಂದಾಗ, ಭಟ್ಟರು ಒಂದು ಕ್ಷಣ ನಿಲ್ಲುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ಮನೆ ನನ್ನನ್ನು ನೋಡುತ್ತಾರೆ. ಆಗ ಅಡಿಗೆಮನೆಯಿಂದ ಅವ್ವ ಮುಚ್ಚಳವನ್ನು ಪಾತ್ರೆಯ ಮೇಲೆ ಠಣ್ಣನೆ ಕುಕ್ಕುತ್ತಾಳೆ. ದಾಮೋದರ ಇನ್ನೂ ಇದ್ದಾನೆ, ಮುಂದಿನ ಹೆಸರಿಗೆ ಹೋಗಿರಿ ಎಂದು ಅದರ ಅರ್ಥ. ಹದಿನೆಂಟು ವರ್ಷ ತಪ್ಪದೆ ಬಂದ ಸಪ್ಪಳ ಅದು. ಈ ಸಲ ಭಟ್ಟರು ನಿಂತರು. ನಾನು ಕಾದೆ. ಅಂಗೈಯೊಳಗಿನ ಎಳ್ಳು ಬೆವರಿಗೆ ಅಂಟಿಕೊಂಡಿತು. ಸಪ್ಪಳ ಬರಲಿಲ್ಲ.

ನಾನು ನಿನ್ನ ಹೆಸರು ಹೇಳಲಿಲ್ಲ, ಅಣ್ಣಾ. ಭಟ್ಟರ ಮುಖ ನೋಡದೆ, "ಮುಂದ ನಡೀರಿ" ಎಂದೆ. ಊಟಕ್ಕೆ ಕೂತಾಗ ಅವ್ವ ಮೆಲ್ಲಗೆ, "ಗ್ವಾಡಿ ಮ್ಯಾಲ ಹೆಸರಿನ ಪಾಟಿ ಇಲ್ಲ, ಇನ್ನ ಹ್ಯಾಂಗ ಬಂದಾನಪಾ?" ಎಂದಳು. ಕಡತದಲ್ಲಿ ನನ್ನ ಸಹಿ ಮೂರು ಕಡೆ ಇದೆ. ಅಪ್ಪನ ಮರ್ಯಾದೆಗೆಂದು ಹಾಕಿದ್ದು. ಅದೇ ಸಹಿಯಿಂದ ಅವಳ ಲೆಕ್ಕದಲ್ಲಿ ನಿನ್ನನ್ನು ಸಾಯಿಸಿದ್ದೇನೆ ಎಂದು ಆಗ ತಿಳಿಯಿತು.

ಇನ್ನೇನು ಬರೆಯಲಿ? ಮಾವಶಿ ನಿನಗೆ ಆಶೀರ್ವಾದ ಹೇಳಿದ್ದಾಳೆ. ಕಣಜದಲ್ಲಿ ನೀನು ಬಿಟ್ಟುಹೋದ ಬನಿಯನ್ ಒರೆಸುವ ಬಟ್ಟೆಯಾಗಿ ಸವೆದುಹೋಯಿತು, ಬೈಯಬೇಡ ಎಂದೂ ಹೇಳಿದಳು. ಜಾನಕೀಬಾಯಿಯ ನಮಸ್ಕಾರ. ಅವ್ವನ ಆಶೀರ್ವಾದ ಎಂದಿನಂತೆ, ಕೇಳದೆಯೇ ಬರೆಯುತ್ತಿದ್ದೇನೆ. ಇನ್ನು ಐದು ದಿನಕ್ಕೆ ದಸರೆ. ನಿನ್ನ ಪಾಲಿನ ಬನ್ನಿಯ ಎಲೆ ಇದರೊಳಗೆ ಮುಂಚಿತವಾಗಿಯೇ ಇಟ್ಟಿದ್ದೇನೆ.

ನಿನ್ನ ತಮ್ಮ,
ನಾಗೇಶ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಮಾವಾಸ್ಯೆಯ ಮರುದಿನ, ಗುರುವಾರ, ಕಚೇರಿಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದೆ. ಐವತ್ತು ದಾಟಿದ ಒಬ್ಬ ಮನುಷ್ಯ, ಕೈಯಲ್ಲೊಂದು ಚೀಲ, ಬಂದು ನಿಂತು ಕೇಳಿದ: "ಬ್ರೇಡನ್ ಗಲ್ಲಿ ಇದೇ ಏನ್ರಿ?" ನಾನು ವ್ರತದಲ್ಲಿದ್ದೆನಲ್ಲ, ತಲೆ ಕೂಡ ಪೂರ್ತಿ ಎತ್ತಲಿಲ್ಲ. "ಅಂಥಾ ಗಲ್ಲಿ ಈ ಊರಾಗ ಇಲ್ಲರಿ. ಇದು ಏಕತಾ ಮಾರ್ಗ. ಮುಂದ ನಡೀರಿ" ಎಂದೆ. ಅವನು ಗೋಡೆಯ ಆ ಬಿಳಿಯ ಚೌಕವನ್ನು ನೋಡಿದ. ನೋಡುತ್ತ ನೋಡುತ್ತ ಒಂದು ಪಾದ ಎತ್ತಿ ಇನ್ನೊಂದು ಕಾಲಿನ ಮೀನಖಂಡಕ್ಕೆ ತಿಕ್ಕಿದ. "ತಪ್ಪಾತ್ರಿ" ಎಂದು ತಿರುಗಿ ಹೋದ. ನನಗೆ ಅದು ಹೊಳೆದದ್ದು ಒಳಗೆ ಹೋಗಿ ಚಹಾ ಕುಡಿಯುವಾಗ. ಬರಿಗಾಲಲ್ಲಿ ಓಡಿದೆ. ಅಕ್ಕಲಕೋಟದ ಬಸ್ಸಿಗೆ ಬಿಟ್ಟುಬಂದೆನೆಂದು ಪೀರಪ್ಪ ಹೇಳಿದ. ಗುರುವಾರ ಇಲ್ಲಿನ ಸ್ವಾಮಿಗಳ ಮಠಕ್ಕೆ ಬರುವ ಯಾತ್ರಿಕರು ಸಾವಿರ, ಕಾಲು ತುರಿಸುವುದು ಯಾರಿಗೆ ಬೇಕಾದರೂ. ಆದರೂ ಮೂರು ದಿನದಿಂದ ಮಠ, ಧರ್ಮಶಾಲೆ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಮುಖ ಬಿಟ್ಟು ಎಲ್ಲರ ಕಾಲು ನೋಡುತ್ತ ತಿರುಗಿದ್ದೇನೆ. ಅವ್ವನಿಗೆ ಹೇಳಿಲ್ಲ, ಹೇಳಲಾರೆ. ಈ ಪತ್ರದ ಒಂದು ಪ್ರತಿಯನ್ನು ನಿನ್ನ ಊರಿನ ಹಳೆಯ, ಹೊಸ ಎರಡೂ ಹೆಸರು ಬರೆದು ಅಲ್ಲಿಗೆ ಹಾಕುತ್ತೇನೆ, ಇನ್ನೊಂದನ್ನು ಮಾವಶಿಯ ಕಣಜದ ಮೇಲೆ ಇಟ್ಟು ಹೋಗುತ್ತೇನೆ. ನಾಳೆ ಉಗ್ರಾಣದಿಂದ ಆ ಕಬ್ಬಿಣದ ಫಲಕವನ್ನು ತರುತ್ತೇನೆ, ನೌಕರಿ ಹೋದರೂ ಸರಿ. ಗೋಡೆಗೆ ಹೊಡೆಯುವುದಿಲ್ಲ, ಅಪ್ಪನ ಆತ್ಮ ಒಪ್ಪೀತೇ? ಒಳಗೆ, ಅವ್ವನ ಹಾಸಿಗೆಯ ಕಡೆ ಇಡುತ್ತೇನೆ. ಮೊನ್ನೆ ಬಂದವನು ನೀನೇ ಆಗಿದ್ದರೆ ಇನ್ನೊಮ್ಮೆ ಬಾ. ಕಟ್ಟೆಯ ಮೇಲೆ ನಾನೇ ಕೂತಿರುತ್ತೇನೆ. ಯಾವ ಹೆಸರು ಹಿಡಿದು ಕೇಳಿದರೂ, ಯಾರೇ ಕೇಳಿದರೂ, ಹೌದ್ರಿ, ಇದೇ, ಒಳಗ ಬರ್ರಿ ಎನ್ನುತ್ತೇನೆ.